ಪೇಟಿ ಕಲಿತ ಕೈಗೆ ಅಕಾರ್ಡಿಯನ್: ಎಡಗೈಯ ಗುಂಡಿಗಳನ್ನು ನಮ್ಮ ಹಾಡಿಗೆ ಹೇಗೆ ಹೊಂದಿಸುವುದು?

ಪ್ರಶ್ನೆ: ಕೊಪ್ಪಳದ ಪೇಟಿ

ಬಳಗದ ಎಲ್ಲ ಹಿರಿಯರಿಗೂ ನಮಸ್ಕಾರಗಳು. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ತಂದೆಯವರು ನಾಟಕ ಕಂಪನಿಗಳಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರರಾಗಿದ್ದವರು. ಕಾಲು ಪೇಟಿಯ ಮುಂದೆ ಕುಳಿತು, ಪಾದಗಳಿಂದ ಗಾಳಿ ತುಂಬುತ್ತ, ಎರಡೂ ಕೈಗಳಿಂದ ರಂಗಗೀತೆಗಳಿಗೆ ಸಾಥ್ ಕೊಡುತ್ತಿದ್ದ ಅವರಿಂದಲೇ ನಾನು ಕೈಪೇಟಿಯನ್ನು ಕಲಿತೆ. ಈಗ ನಮ್ಮ ಊರಿನ ಭಜನಾ ಸಂಘದಲ್ಲಿ ವಚನ, ತತ್ವಪದ ಮತ್ತು ದಾಸರ ಪದಗಳಿಗೆ ನುಡಿಸುತ್ತೇನೆ.

ಬಳ್ಳಾರಿಯಲ್ಲಿದ್ದ ನಮ್ಮ ಸೋದರಮಾವನವರು ಮದುವೆಯ ಬ್ಯಾಂಡುಗಳಲ್ಲಿಯೂ ರಸಮಂಜರಿ ಕಾರ್ಯಕ್ರಮಗಳಲ್ಲಿಯೂ ಅಕಾರ್ಡಿಯನ್ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ವಾದ್ಯವು ನನ್ನ ಪಾಲಿಗೆ ಬಂದಿದೆ. ಬಲಗೈಗೆ 41 ಮನೆಗಳು (ಕೀಲಿಗಳು), ಎಡಗೈಗೆ 120 ಗುಂಡಿಗಳು ಇವೆ. ಭುಜದ ಪಟ್ಟಿಯ ಚರ್ಮವು ಅವರ ಬೆವರಿನಿಂದ ಗಟ್ಟಿಯಾಗಿ, ಅವರ ಭುಜದ ಆಕಾರದಲ್ಲಿಯೇ ಬಾಗಿ ನಿಂತಿದೆ. ಅದನ್ನು ಬದಲಿಸಲು ನನಗೆ ಮನಸ್ಸಾಗಿಲ್ಲ.

ಬಲಗೈ ಕೆಲಸವು ಪೇಟಿಯ ಅಭ್ಯಾಸದಿಂದ ಒಂದೆರಡು ವಾರಗಳಲ್ಲಿ ಹಿಡಿತಕ್ಕೆ ಬಂದಿತು. ತೊಂದರೆ ಇರುವುದು ಎಡಗೈಯಲ್ಲಿ. ಶ್ರಾವಣ ಸೋಮವಾರದ ಭಜನೆಯಲ್ಲಿ ನಮ್ಮ ಅಕ್ಕ ಭೈರವಿಯಲ್ಲಿ ಒಂದು ವಚನವನ್ನು ಎತ್ತಿಕೊಂಡಾಗ, ನಾನು ಬಲಗೈಯಲ್ಲಿ ಆಕೆಯ ಹಿಂದೆ ಹಿಂದೆಯೇ ನುಡಿಸುತ್ತ, ಎಡಗೈಯಲ್ಲಿ ಷಡ್ಜದ ಮೇಜರ್ ಗುಂಡಿಯನ್ನು ಒತ್ತಿದೆ. ಆಕೆ ಎರಡನೆಯ ಸಾಲಿನಲ್ಲಿಯೇ ಹಾಡು ನಿಲ್ಲಿಸಿ, "ಶ್ರುತಿ ಅಲುಗಾಡುತ್ತಿದೆ, ನನಗೆ ನಿಲ್ಲಲು ನೆಲ ಸಿಗುತ್ತಿಲ್ಲ" ಎಂದಳು. ಪೇಟಿಗೆ ಮರಳಿದ ಮೇಲೆ ಹಾಡು ಸರಾಗವಾಗಿ ಹೋಯಿತು.

ಇನ್ನೊಂದು ಮಾತು ನನ್ನನ್ನು ನೋಯಿಸಿದೆ. ಒಂದು ಕಾರ್ಯಕ್ರಮದಲ್ಲಿ ವ್ಯವಸ್ಥಾಪಕರೊಬ್ಬರು ವಾದ್ಯವನ್ನು ನೋಡಿದೊಡನೆ, "ಇದು ಬ್ಯಾಂಡಿನವರ ವಾದ್ಯ, ಭಕ್ತಿಸಂಗೀತದ ವೇದಿಕೆಗೆ ತರಬೇಡಿ" ಎಂದು ಹೇಳಿ, ಪೆಟ್ಟಿಗೆಯನ್ನು ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಇರಿಸಿದರು. ಮಾವನವರು ಮೂವತ್ತು ವರ್ಷ ಅನ್ನ ಕಂಡ ವಾದ್ಯವದು.

ನನ್ನ ಪ್ರಶ್ನೆಗಳು ಎರಡು. ಬೇರೆ ಬೇರೆ ದೇಶಗಳ ಸಂಗೀತದಲ್ಲಿ ಅಕಾರ್ಡಿಯನ್ ಯಾವ ಯಾವ ಕೆಲಸ ಮಾಡುತ್ತದೆ, ಪೇಟಿಯಂತೆ ಕಂಠದ ಹಿಂದೆ ನಿಲ್ಲುವ ಪದ್ಧತಿಯೂ ಎಲ್ಲಿಯಾದರೂ ಇದೆಯೇ? ಮತ್ತು ನಮ್ಮ ಹಾಡಿಗೆ ಎಡಗೈಯನ್ನು ಹೇಗೆ ಬಳಸಬೇಕು?

ಉತ್ತರ: ಬಳ್ಳಾರಿ ಕೋಟೆ

ತಂಗೀ, ನಿಮ್ಮ ಅಕ್ಕನವರ ಕಿವಿ ಬಹಳ ಚೊಕ್ಕಟವಾಗಿದೆ, ಮೊದಲು ಅವರಿಗೆ ನನ್ನ ನಮಸ್ಕಾರ ತಿಳಿಸಿರಿ. ನಾನೂ ಬಹಳ ವರ್ಷ ರಸಮಂಜರಿಗಳಲ್ಲಿ ಈ ವಾದ್ಯವನ್ನು ಕೊರಳಿಗೆ ಹಾಕಿಕೊಂಡು ನಿಂತವನು. ಅವರು ಹೇಳಿದ ಅಲುಗಾಟಕ್ಕೆ ಎರಡು ಕಾರಣಗಳಿವೆ. ಅವೆರಡೂ ಬೇರೆ ಬೇರೆಯಾದುದರಿಂದ ಒಂದೊಂದಾಗಿಯೇ ನೋಡಬೇಕು.

ಮೊದಲನೆಯದು ಬಲಗೈಯ ಸ್ವಿಚ್ಚು. ಮನೆಗಳ ಪಕ್ಕದಲ್ಲಿರುವ ಸ್ವಿಚ್ಚುಗಳ ಮೇಲೆ ಒಂದು ವೃತ್ತ, ಅದರೊಳಗೆ ಎರಡು ಅಡ್ಡಗೆರೆಗಳು, ಆ ಗೆರೆಗಳಿಂದಾದ ಮೂರು ಅಂಕಣಗಳಲ್ಲಿ ಚುಕ್ಕೆಗಳು ಇರುತ್ತವೆ. ಒಂದೊಂದು ಚುಕ್ಕೆಯೂ ಒಂದು ಸಾಲು ರೀಡು, ಅಂದರೆ ಗಾಳಿಗೆ ಕಂಪಿಸಿ ನುಡಿಯುವ ಲೋಹದ ನಾಲಗೆಗಳ ಸಾಲು. ಕೆಳಗಿನ ಅಂಕಣದ್ದು ಮಂದ್ರ, ನಡುವಿನದು ಮಧ್ಯ, ಮೇಲಿನದು ತಾರ. ನಡುವಿನ ಅಂಕಣದಲ್ಲಿ ಎರಡು ಅಥವಾ ಮೂರು ಚುಕ್ಕೆಗಳಿದ್ದರೆ, ಒಂದೇ ಸ್ವರವನ್ನು ಎರಡು ಮೂರು ರೀಡುಗಳು ಒಟ್ಟಿಗೆ ನುಡಿಯುತ್ತಿವೆ ಎಂದರ್ಥ. ಆದರೆ ಅವುಗಳನ್ನು ಬೇಕೆಂದೇ ಒಂದಕ್ಕೊಂದು ಕೂದಲೆಳೆಯಷ್ಟು ಬೇರೆ ಮಾಡಿ ಶ್ರುತಿ ಮಾಡಿರುತ್ತಾರೆ. ಒಂದು ರೀಡು ಸೆಕೆಂಡಿಗೆ 440 ಸಲ, ಇನ್ನೊಂದು 443 ಸಲ ಕಂಪಿಸಿದರೆ, ಕಿವಿಗೆ ಸೆಕೆಂಡಿಗೆ ಮೂರು ಸಲ ಅಲೆಯೆದ್ದಂತೆ ಕೇಳಿಸುತ್ತದೆ. ಪ್ಯಾರಿಸ್ಸಿನ ಕುಣಿತದ ಮನೆಗಳಲ್ಲಿ ಬೆಳೆದ ಮ್ಯೂಸೆಟ್ ಎಂಬ ಸಂಗೀತಕ್ಕೆ ಆ ಅಲೆಯೇ ಜೀವ, ಹಿಂದಿ ಚಿತ್ರಗೀತೆಗಳ ಅಕಾರ್ಡಿಯನ್ನಿನ ತುಂಬುದನಿಗೂ ಬಹಳ ಮಟ್ಟಿಗೆ ಅದೇ ಕಾರಣ. ತಂಬೂರಿಯ ಮುಂದೆ ಕುಳಿತ ಗಾಯಕಿಗೆ ಮಾತ್ರ ಅದು ನೀರಿನ ಮೇಲೆ ನಿಂತಂತೆ ಆಗುತ್ತದೆ. ಆದುದರಿಂದ ನಡುವಿನ ಅಂಕಣದಲ್ಲಿ ಒಂದೇ ಚುಕ್ಕೆಯಿರುವ ಸ್ವಿಚ್ಚನ್ನು ಒತ್ತಿಕೊಳ್ಳಿರಿ, ಅದಕ್ಕೆ ಕ್ಲಾರಿನೆಟ್ ಎಂದು ಹೆಸರು. ಸ್ವಲ್ಪ ಗಾತ್ರ ಬೇಕೆನಿಸಿದರೆ ಅದರ ಜೊತೆಗೆ ಕೆಳಗಿನ ಅಂಕಣದಲ್ಲಿಯೂ ಒಂದು ಚುಕ್ಕೆಯಿರುವುದನ್ನು ಆರಿಸಿರಿ.

ಎರಡನೆಯದು ನೀವು ಒತ್ತಿದ ಗುಂಡಿ. ಮೇಜರ್ ಗುಂಡಿಯನ್ನು ಒತ್ತಿದರೆ ಷಡ್ಜ, ಶುದ್ಧ ಗಾಂಧಾರ ಮತ್ತು ಪಂಚಮ ಮೂರೂ ಒಟ್ಟಿಗೆ ನುಡಿಯುತ್ತವೆ. ಭೈರವಿಯ ಗಾಂಧಾರ ಕೋಮಲ. ಅಕ್ಕನವರು ಕೋಮಲ ಗಾಂಧಾರದ ಮೇಲೆ ನಿಲ್ಲಲು ಹೋದಾಗಲೆಲ್ಲ ನಿಮ್ಮ ಎಡಗೈ ಶುದ್ಧ ಗಾಂಧಾರವನ್ನು ಕೂಗುತ್ತಿತ್ತು. ಇದರಲ್ಲಿ ನಿಮ್ಮ ತಪ್ಪಿಗಿಂತ ವಾದ್ಯದ ಹುಟ್ಟುಗುಣವೇ ಹೆಚ್ಚು. 1829ರಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬುವರು ಇದಕ್ಕೆ ಪೇಟೆಂಟ್ ಪಡೆದಾಗ, ಅವರ ಪುಟ್ಟ ಪೆಟ್ಟಿಗೆಯ ಒಂದೊಂದು ಕೀಲಿಯೂ ಒಂದೊಂದು ಸ್ವರಗುಚ್ಛವನ್ನೇ ನುಡಿಸುತ್ತಿತ್ತು, ಅಕಾರ್ಡಿಯನ್ ಎಂಬ ಹೆಸರು ಬಂದಿದ್ದೂ ಸ್ವರಗುಚ್ಛಕ್ಕಿರುವ ಜರ್ಮನ್ ಮಾತಿನಿಂದಲೇ.

ಈಗ ನಿಮಗೆ ಸಂತೋಷವಾಗುವ ಸಂಗತಿಯನ್ನು ಹೇಳುತ್ತೇನೆ. ಎಡಗೈಯ ಗುಂಡಿಗಳಲ್ಲಿ ತಿದಿಯ ಕಡೆಯಿಂದ ಎರಡನೆಯ ಸಾಲು ಒಂಟಿ ಸ್ವರಗಳದ್ದು, ಅಲ್ಲಿ ಗುಚ್ಛವಿಲ್ಲ. ಆ ಸಾಲಿನಲ್ಲಿ ಬೆರಳಿಗೆ ತಗ್ಗು ಅಥವಾ ಹರಳು ಸಿಗುವ ಒಂದು ಗುಂಡಿ ನಡುಮಧ್ಯದಲ್ಲಿದೆ, ಅದು ಬಿಳಿ ಒಂದು, ಅಂದರೆ ಪಾಶ್ಚಾತ್ಯರ C ಸ್ವರ. ಅದನ್ನು ಷಡ್ಜವೆಂದು ಹಿಡಿದರೆ, ಗದ್ದದ ಕಡೆಗೆ ಮೇಲಿರುವ ಪಕ್ಕದ ಗುಂಡಿಯೇ ಪಂಚಮ, ತೊಡೆಯ ಕಡೆಗೆ ಕೆಳಗಿರುವ ಪಕ್ಕದ ಗುಂಡಿಯೇ ಮಧ್ಯಮ. ಇಡೀ ಸಾಲು ಹೀಗೆ ಷಡ್ಜ ಪಂಚಮ ಭಾವದಲ್ಲಿಯೇ ಜೋಡಣೆಯಾಗಿದೆ. ಯುರೋಪಿನವರು ತಮ್ಮ ಹಾರ್ಮನಿಗಾಗಿ ಮಾಡಿಕೊಂಡ ಜೋಡಣೆಯಲ್ಲಿ ನಮ್ಮ ತಂಬೂರಿಯ ಎರಡು ತಂತಿಗಳು ಅಕ್ಕಪಕ್ಕದಲ್ಲಿಯೇ ಬಂದು ಕುಳಿತಿವೆ! ಎರಡು ಬೆರಳುಗಳಿಂದ ಆ ಎರಡನ್ನು ಹಿಡಿದರೆ ಷಡ್ಜ ಪಂಚಮದ ಆಧಾರ ಶ್ರುತಿ ನಿಮ್ಮ ಕೈಯಲ್ಲಿಯೇ ಇರುತ್ತದೆ. ಮಾಲಕಂಸದಂಥ ಪಂಚಮವಿಲ್ಲದ ರಾಗವಾದರೆ ಬೆರಳನ್ನು ಕೆಳಗಿನ ಗುಂಡಿಗೆ ಇಳಿಸಿ ಷಡ್ಜ ಮಧ್ಯಮ ಮಾಡಿಕೊಳ್ಳಿರಿ. ಹಾಡುವವರು ಕಪ್ಪು ಒಂದರಲ್ಲಿ (C ಶಾರ್ಪ್ ಅನ್ನು ಷಡ್ಜ ಮಾಡಿಕೊಂಡು) ಹಾಡುವುದಾದರೆ ತಗ್ಗಿನ ಗುಂಡಿಯಿಂದ ಐದು ಗುಂಡಿ ಕೆಳಗೆ ಎಣಿಸಿರಿ, ಬೆರಳಿನ ಹಿಡಿತ ಬದಲಾಗುವುದಿಲ್ಲ.

ಪೇಟಿಯೂ ಅಕಾರ್ಡಿಯನ್ನೂ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಶ್ರುತಿಯವು. ಅರ್ಧಸ್ವರವನ್ನು ನೂರು ಪಾಲು ಮಾಡಿದರೆ, ಈ ಶ್ರುತಿಯ ಪಂಚಮವು ಸಹಜ ಪಂಚಮಕ್ಕಿಂತ ಸುಮಾರು ಎರಡೇ ಪಾಲು ಕಡಿಮೆ ಇರುತ್ತದೆ, ಶುದ್ಧ ಗಾಂಧಾರವೋ ಸುಮಾರು ಹದಿನಾಲ್ಕು ಪಾಲು ಏರಿರುತ್ತದೆ. ಆದ್ದರಿಂದ ಭಕ್ತಿಸಂಗೀತದಲ್ಲಿ ಒಂಟಿ ಸ್ವರದ ಗುಂಡಿಗಳು ಮಿತ್ರರು, ಗುಚ್ಛದ ಗುಂಡಿಗಳಿಂದ ದೂರವಿರುವುದೇ ಲೇಸು. ರಂಗಗೀತೆ, ಭಾವಗೀತೆ, ಚಿತ್ರಗೀತೆಗಳಲ್ಲಿ ಗುಚ್ಛಗಳನ್ನು ಧಾರಾಳವಾಗಿ ಬಳಸಿರಿ.

ಉತ್ತರ: ಗಂಗಾವತಿಯ ಕೇಳುಗ

ಬಳ್ಳಾರಿಯ ಅಣ್ಣಾವ್ರು ಎಡಗೈಯ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ವಾದಕನಲ್ಲ, ಆದರೆ ಇಪ್ಪತ್ತು ವರ್ಷಗಳಿಂದ ಈ ವಾದ್ಯದ ಧ್ವನಿಮುದ್ರಣಗಳನ್ನು ಹುಡುಕಿ ಹುಡುಕಿ ಕೇಳುತ್ತ ಬಂದಿರುವುದರಿಂದ ಅಕ್ಕಾವ್ರ ಮೊದಲನೆಯ ಪ್ರಶ್ನೆಗೆ ಉತ್ತರಿಸಬಲ್ಲೆ.

ಅರ್ಜೆಂಟೀನಾದ ಟ್ಯಾಂಗೋ ಎಂಬ ಕುಣಿತದ ಸಂಗೀತದಲ್ಲಿ ಅಕಾರ್ಡಿಯನ್ನಿನ ದಾಯಾದಿಯಾದ ಬ್ಯಾಂಡೋನಿಯನ್ ಕಥಾನಾಯಕನಂತೆ ಮುಂದೆ ನಿಲ್ಲುತ್ತದೆ. ಜರ್ಮನಿಯ ಕ್ರೇಫೆಲ್ಡ್ ಊರಿನ ಹೈನ್‌ರಿಶ್ ಬ್ಯಾಂಡ್ ಅವರ ಹೆಸರನ್ನೇ ಹೊತ್ತ ಈ ವಾದ್ಯದಲ್ಲಿ ಸಿದ್ಧ ಗುಚ್ಛದ ಗುಂಡಿಗಳೇ ಇಲ್ಲ, ಪ್ರತಿಯೊಂದು ಗುಂಡಿಯೂ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಸುತ್ತದೆ. ಅದರ ಹೆಸರಾಂತ ವಾದಕರಾದ ಆಸ್ಟರ್ ಪಿಯಾಸೊಲಾ ಅವರು ಒಂದು ಕಾಲನ್ನು ಎತ್ತರದಲ್ಲಿರಿಸಿ, ತೊಡೆಯ ಮೇಲೆ ತಿದಿಯನ್ನು ಬಾಗಿಸಿ ನುಡಿಸುತ್ತಿದ್ದುದನ್ನು ನೋಡಿದರೆ, ಗಾಳಿಯ ಒತ್ತಡವೇ ಹೇಗೆ ಅಳುವೂ ಸಿಡುಕೂ ಆಗಬಲ್ಲದು ಎಂಬುದು ತಿಳಿಯುತ್ತದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಫ್ರೆಂಚ್ ಮೂಲದ ಕೇಜನ್ ಜನರು ಹತ್ತೇ ಗುಂಡಿಗಳ ಒಂದು ಸಾಲಿನ ಪೆಟ್ಟಿಗೆಯನ್ನು ಪಿಟೀಲಿನ ಜೊತೆಗೆ ಇಟ್ಟುಕೊಂಡರು. ಮೈಕ್ ಇಲ್ಲದ ದಿನಗಳಲ್ಲಿ ಕುಣಿಯುವವರ ಗದ್ದಲವನ್ನು ದಾಟಿ ಕೇಳಿಸುವಷ್ಟು ಗಟ್ಟಿಯಾದ ದನಿ ಅದರದ್ದು. ಅಲ್ಲಿಯೇ ಕ್ಲಿಫ್ಟನ್ ಶೆನಿಯೆ ಅವರು ನಿಮ್ಮದರಂಥ ಮನೆಗಳ ಅಕಾರ್ಡಿಯನ್ನಿನಲ್ಲಿ ಕಪ್ಪು ಜನರ ಬ್ಲೂಸ್ ಸಂಗೀತವನ್ನು ತುಂಬಿ ಜೈಡೆಕೊ ಎಂಬ ಪ್ರಕಾರವನ್ನು ಬೆಳೆಸಿದರು. ಯುರೋಪಿನ ವೃಂದಸಂಗೀತದೊಳಗೂ ಇದು ಕಾಲಿಟ್ಟಿದೆ, 1883ರಲ್ಲಿ ಬರೆದ ತಮ್ಮ ಎರಡನೆಯ ಸ್ವೀಟ್ (Suite) ಎಂಬ ವೃಂದರಚನೆಯಲ್ಲಿ ರಷ್ಯಾದ ಸಂಗೀತ ರಚನಕಾರ ಚೈಕೋವ್‌ಸ್ಕಿ ಅಕಾರ್ಡಿಯನ್ನುಗಳನ್ನು ಬಳಸಿದ್ದರು. ಅಲ್ಲಿ ಅದು ಅತಿಥಿಯಷ್ಟೇ.

ನೀವು ಕೇಳಿದ, ಕಂಠದ ಹಿಂದೆ ನಿಲ್ಲುವ ಅಕಾರ್ಡಿಯನ್ ಬೇಕಾದರೆ ಕೊಲಂಬಿಯಾ ಮತ್ತು ಬ್ರೆಜಿಲ್ ದೇಶಗಳ ಕಡೆಗೆ ಕಿವಿ ಕೊಡಬೇಕು. ಕೊಲಂಬಿಯಾದ ವಾಯೆನಾಟೊ ಸಂಗೀತದಲ್ಲಿ ಒಂದು ಅಕಾರ್ಡಿಯನ್, ಕೈಯಿಂದ ಬಡಿಯುವ ಒಂದು ಸಣ್ಣ ಚರ್ಮವಾದ್ಯ, ಗೆರೆ ಕೊರೆದ ಕೋಲನ್ನು ಉಜ್ಜುವ ಒಂದು ತಾಳವಾದ್ಯ, ಇಷ್ಟರಲ್ಲಿಯೇ ಹಾಡುಗಾರನು ಊರೂರಿನ ಸುದ್ದಿಯನ್ನೂ ಕಥೆಯನ್ನೂ ಹಾಡುತ್ತ ಹೋಗುತ್ತಾನೆ. ನಮ್ಮ ಗೀಗೀ ಪದದವರ ದಪ್ಪು, ತುಂತುಣಿಗಳು ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರವಾದುದು. ಸಾಲು ಮುಗಿದ ಕಡೆ ಅಕಾರ್ಡಿಯನ್ ಉತ್ತರ ಹೇಳುತ್ತದೆ, ಮಾತು ನಡೆದಿರುವಾಗ ಹಿಂದೆ ಸರಿಯುತ್ತದೆ. 2015ರಲ್ಲಿ ಯುನೆಸ್ಕೊ ಈ ಸಂಪ್ರದಾಯವನ್ನು ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಬ್ರೆಜಿಲ್ಲಿನ ವಿಷಯ ಬಂದಾಗ ನನಗೆ ಗಂಟಲು ಕಟ್ಟುತ್ತದೆ. ಆ ದೇಶದ ಈಶಾನ್ಯ ಭಾಗದ ಸೆರ್ತಾವ್ ಎಂಬ ಸೀಮೆ ಪದೇ ಪದೇ ಬರಗಾಲಕ್ಕೆ ಸಿಕ್ಕುವ ಬಿರುನೆಲ. ಮಳೆ ಕೈಕೊಟ್ಟಾಗ ಅಲ್ಲಿನವರು ಮನೆಗೆ ಬೀಗ ಹಾಕಿ ದಕ್ಷಿಣದ ದೊಡ್ಡ ನಗರಗಳಿಗೆ ದುಡಿಯಲು ಹೋಗುತ್ತಿದ್ದರು. ಕೊಪ್ಪಳ, ರಾಯಚೂರಿನವರಾದ ನಮಗೆ ಗುಳೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಜನರ ಅಗಲಿಕೆಯನ್ನೂ ಮಳೆಯ ಹಂಬಲವನ್ನೂ ಲೂಯಿಜ್ ಗೊಂಜಾಗ (1912–1989) ಅವರು ಕೊರಳಿಗೆ ಅಕಾರ್ಡಿಯನ್ ಹಾಕಿಕೊಂಡು, ಪಕ್ಕದಲ್ಲಿ ಒಂದು ಡೊಳ್ಳಿನಂಥ ಚರ್ಮವಾದ್ಯವನ್ನೂ ಒಂದು ಕಬ್ಬಿಣದ ತ್ರಿಕೋನವನ್ನೂ ಇಟ್ಟುಕೊಂಡು ಹಾಡಿದರು. ಭಾಷೆ ತಿಳಿಯದ ನನಗೂ ಅದನ್ನು ಕೇಳುವಾಗ ನಸುಕಿನಲ್ಲಿ ಗಂಟುಮೂಟೆ ಇಳಿಸಿಕೊಂಡು ಬಸ್ ನಿಲ್ದಾಣದಲ್ಲಿ ಕುಳಿತ ನಮ್ಮೂರಿನವರೇ ಕಣ್ಣ ಮುಂದೆ ಬರುತ್ತಾರೆ. ಅಕ್ಕಾವ್ರೇ, ನೀವು ಮೊದಲು ಕೇಳಬೇಕಾದುದು ಈ ಸಂಗೀತವನ್ನೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಬ್ಯಾಂಡಿನವರ ವಾದ್ಯ ಎಂಬ ಮಾತಿಗೆ ನೀವು ಕುಗ್ಗಬೇಕಾಗಿಲ್ಲ. ಮುಂಬಯಿಯ ಚಿತ್ರಸಂಗೀತದಲ್ಲಿ ಗೂಡಿ ಸೀರ್ವಾಯಿ, ಕೆರ್ಸಿ ಲಾರ್ಡ್, ಈನಾಕ್ ಡೇನಿಯಲ್ಸ್ ಅವರಂಥ ಮಹನೀಯರು ಈ ವಾದ್ಯದಿಂದ ಎಂಥ ಮೃದುವಾದ ಕೆಲಸ ಮಾಡಿಸಿದರು ಎಂಬುದನ್ನು ನಮ್ಮ ಕಿವಿಗಳು ದಶಕಗಳಿಂದ ಕೇಳುತ್ತ ಬಂದಿವೆ. ಅವರನ್ನು ಕೇಳಿ ಕಲಿತ ನಿಮ್ಮ ಮಾವನವರಂಥ ವಾದಕರಿಂದಲೇ ನಮ್ಮ ಊರುಗಳ ಮದುವೆ, ಜಾತ್ರೆಗಳು ಆ ಹಾಡುಗಳನ್ನು ಎದುರಿಗೆ ಕಂಡು ಕೇಳಿದ್ದು.

ಉತ್ತರ: ಮಾನ್ವಿಯ ತಂಬೂರಿ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದ್ದೇನೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತಿದೆ. ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರ ವಚನ ಗಾಯನವನ್ನು ಕೇಳಿ ಬೆಳೆದ ಸೀಮೆ ನಮ್ಮದು. ವಚನದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡಿನೊಳಗೇ ಮಾತಿನ ಭಾವ ಅಡಗಿರುತ್ತದೆ. ಮನೆಗಳಿರುವ ಯಾವ ವಾದ್ಯವೂ ಆ ಜಾರುವಿಕೆಯನ್ನು ಹಿಡಿಯಲಾರದು. ಪೇಟಿಯ ಮೇಲೂ ಇದೇ ಆಕ್ಷೇಪವಿದ್ದುದರಿಂದ 1940ರಿಂದ 1971ರವರೆಗೆ ಆಕಾಶವಾಣಿಯು ಅದನ್ನು ಹೊರಗಿರಿಸಿತ್ತು. ಪೇಟಿಯೇ ಇರುವಾಗ, ಅದಕ್ಕಿಂತ ಗಟ್ಟಿಯಾದ ದನಿಯ ಇನ್ನೊಂದು ವಾದ್ಯವನ್ನು ವಚನದ ಪಕ್ಕದಲ್ಲಿ ಕೂರಿಸುವ ಅವಶ್ಯಕತೆ ಏನಿದೆ? ರಂಗಗೀತೆಗೆ ಬಳಸುವುದಕ್ಕೆ ನನ್ನ ವಿರೋಧವಿಲ್ಲ.

ಉತ್ತರ: ಬಳ್ಳಾರಿ ಕೋಟೆ

ಮಾನ್ವಿಯ ಗುರುಗಳೇ, ಮೀಂಡಿನ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ, ಅದನ್ನು ನಾನು ವಾದಿಸಲು ಹೋಗುವುದಿಲ್ಲ. ಆದರೆ ಒಂದು ಕೆಲಸದಲ್ಲಿ ಅಕಾರ್ಡಿಯನ್ ಪೇಟಿಗಿಂತ ಕಂಠಕ್ಕೆ ಹತ್ತಿರ ಬರುತ್ತದೆ. ಪೇಟಿಯ ಒಳಗೆ ಗಾಳಿಯನ್ನು ಕೂಡಿಡುವ ಇನ್ನೊಂದು ತಿದಿಯಿದೆ. ಹೊರಗಿನ ಕೈ ಸ್ವಲ್ಪ ತಡವರಿಸಿದರೂ ಅದು ದನಿಯನ್ನು ಸಮವಾಗಿ ಕಾಯುತ್ತದೆ. ಅಕಾರ್ಡಿಯನ್ನಿನಲ್ಲಿ ಅಂಥ ಕೂಡಿಡುವ ತಿದಿಯಿಲ್ಲ, ತೋಳಿನ ಒತ್ತಡ ನೇರವಾಗಿ ರೀಡಿಗೆ ಮುಟ್ಟುತ್ತದೆ. ಆದ್ದರಿಂದ ಒಂದು ಸ್ವರವನ್ನು ಇಲ್ಲವೆನ್ನುವಷ್ಟು ಮೆಲ್ಲಗೆ ಹುಟ್ಟಿಸಿ, ಹಾಡುವವರ ದನಿ ಏರಿದಂತೆ ಏರಿಸಿ, ಅವರ ಉಸಿರಿನ ಜೊತೆಗೇ ಆರಿಸಬಹುದು. ಇದರಿಂದ ಸ್ವರ ಜಾರುವುದಿಲ್ಲ, ಆದರೆ ಸ್ವರಕ್ಕೆ ಉಸಿರು ಬರುತ್ತದೆ.

ತಂಗೀ, ಇದಕ್ಕೊಂದು ಅಭ್ಯಾಸ ಹೇಳುತ್ತೇನೆ. ತಿದಿಯನ್ನು ಎಳೆಯುವುದರಿಂದ ತಳ್ಳುವುದಕ್ಕೆ ತಿರುಗಿಸುವ ಕ್ಷಣದಲ್ಲಿ ದನಿಯಲ್ಲಿ ಒಂದು ಸಣ್ಣ ಬಿರುಕು ಬೀಳುತ್ತದೆ. ಅಕ್ಕನವರು ಸಾಲಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿಯೇ, ಅದೇ ಕ್ಷಣದಲ್ಲಿ ತಿದಿಯನ್ನು ತಿರುಗಿಸಿರಿ. ಸಾಹಿತ್ಯದ ಹಾಳೆಯ ಮೇಲೆ ಆ ಜಾಗಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿರಿ. ಹಾಡು ನಡೆದಿರುವಾಗ ಬಲಗೈ ಅವರ ಎಲ್ಲ ಸ್ವರಗಳನ್ನೂ ಹಿಂಬಾಲಿಸುವ ಅಗತ್ಯವಿಲ್ಲ, ಸಾಲಿನ ಕೊನೆಯ ಸ್ವರವನ್ನು ಹಿಡಿದು ನಿಂತರೂ ಸಾಕು.

ಉತ್ತರ: ರಾಯಚೂರು ರಿಪೇರಿ

ನುಡಿಸುವ ಮಾತಾಯಿತು, ಉಳಿಸಿಕೊಳ್ಳುವ ಮಾತನ್ನು ನಾನು ಹೇಳಬೇಕು. ಪೇಟಿಗಳ ರಿಪೇರಿಯೇ ನನ್ನ ಕಸುಬು, ಅಕಾರ್ಡಿಯನ್ನುಗಳೂ ಆಗಾಗ ಬರುತ್ತವೆ.

ಅಕ್ಕಾವ್ರೇ, ಪೇಟಿಯ ಹಿತ್ತಾಳೆಯ ರೀಡುಗಳನ್ನು ಹಲಗೆಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಕಾರ್ಡಿಯನ್ನಿನಲ್ಲಿ ಸಾಮಾನ್ಯವಾಗಿ ಉಕ್ಕಿನ ನಾಲಗೆಗಳಿರುವ ಅಲ್ಯೂಮಿನಿಯಂ ಪಟ್ಟಿಗಳನ್ನು ಮರದ ದಿಮ್ಮಿಗೆ ಮೇಣದಿಂದ ಅಂಟಿಸಿರುತ್ತಾರೆ, ಅದು ಜೇನುಮೇಣಕ್ಕೆ ರಾಳ ಬೆರೆಸಿದ್ದು. ಜೇನುಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ, ಆದರೆ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ನಮ್ಮ ರಾಯಚೂರು, ಬಳ್ಳಾರಿಗಳ ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವಾಗ, ತಗಡಿನ ಮನೆಯೊಳಗೆ ಅಥವಾ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪೆಟ್ಟಿಗೆಯನ್ನು ಬಿಟ್ಟರೆ ಪಟ್ಟಿಗಳು ಜಾರಿ ಬೀಳುತ್ತವೆ. ಹಾಗೆ ಬಂದ ಒಂದು ವಾದ್ಯವನ್ನು ನಾನು ಬಿಚ್ಚಿದಾಗ, ನಾಲ್ಕು ಪಟ್ಟಿಗಳು ತಿದಿಯ ಮಡಿಕೆಯೊಳಗೆ ಬಿದ್ದಿದ್ದವು, ಮೇಣ ಹಳದಿ ಹನಿಯಾಗಿ ದಿಮ್ಮಿಯ ಅಂಚಿಗೆ ಇಳಿದು ಗಟ್ಟಿಯಾಗಿತ್ತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಯ ನಡುಕೋಣೆಯಲ್ಲಿ, ನೆಲಕ್ಕೆ ಹತ್ತಿರದಲ್ಲಿ, ಧರಿಸಿದಾಗ ನಿಲ್ಲುವಂತೆಯೇ ನೆಟ್ಟಗೆ ಇಡಿರಿ. ಮಲಗಿಸಿಟ್ಟರೆ ರೀಡಿನ ಮೇಲಿನ ಚರ್ಮದ ಪಟ್ಟಿಗಳು ಜೋತುಬಿದ್ದು ವಕ್ರವಾಗುತ್ತವೆ.

ಒಂದು ಪರೀಕ್ಷೆಯನ್ನು ಇವತ್ತೇ ಮಾಡಿರಿ. ಪ್ರತಿಯೊಂದು ಮನೆಯನ್ನೂ ಎಳೆಯುವಾಗ ಒಮ್ಮೆ, ತಳ್ಳುವಾಗ ಒಮ್ಮೆ ಒತ್ತಿ ಕೇಳಿರಿ. ಎರಡಕ್ಕೂ ಬೇರೆ ಬೇರೆ ನಾಲಗೆಗಳಿರುವುದರಿಂದ, ಒಂದು ಸರಿಯಿದ್ದು ಇನ್ನೊಂದು ಅಪಶ್ರುತಿಯಾಗಿರಬಹುದು. ಅಕ್ಕನವರಿಗೆ ನೆಲ ಸಿಗದಿರಲು ಅದೂ ಒಂದು ಕಾರಣವಾಗಿದ್ದರೆ ಸ್ವಿಚ್ಚು ಬದಲಿಸಿದ ಮಾತ್ರಕ್ಕೆ ಸರಿಹೋಗದು. ತಿದಿಯನ್ನು ಸುಮ್ಮನೆ ತೆರೆಯುವಾಗಲೂ ಮುಚ್ಚುವಾಗಲೂ ಎಡಗೈಯ ಗಾಳಿಗುಂಡಿಯನ್ನು ಒತ್ತಿಕೊಳ್ಳುವುದನ್ನು ಮರೆಯಬೇಡಿರಿ.

ಮರುಉತ್ತರ: ಕೊಪ್ಪಳದ ಪೇಟಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹತ್ತು ದಿನ ಅಭ್ಯಾಸ ಮಾಡಿ ಈಗ ಬರೆಯುತ್ತಿದ್ದೇನೆ. ಒಂದು ಚುಕ್ಕೆಯ ಸ್ವಿಚ್ಚು ಹಾಕಿ, ತಗ್ಗಿನ ಗುಂಡಿಯಿಂದ ಐದು ಕೆಳಗಿಳಿದು ಕಪ್ಪು ಒಂದರ ಷಡ್ಜ ಪಂಚಮಗಳನ್ನು ಹಿಡಿದಾಗ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ ತಾನಾಗಿಯೇ ಹಾಡಲು ಆರಂಭಿಸಿದಳು. ಎಡಗೈಯ ದನಿ ತುಸು ದಪ್ಪವಾಯಿತು ಎಂದುದರಿಂದ ಷಡ್ಜವನ್ನು ಮಾತ್ರ ಉಳಿಸಿಕೊಂಡು, ಪಂಚಮವನ್ನು ಸಾಲಿನ ಕೊನೆಯಲ್ಲಷ್ಟೇ ಸೇರಿಸುತ್ತಿದ್ದೇನೆ. ಮಾನ್ವಿಯ ಗುರುಗಳ ಮಾತನ್ನೂ ಮನಸ್ಸಿನಲ್ಲಿಟ್ಟುಕೊಂಡು, ಮೀಂಡು ಹೆಚ್ಚಿರುವ ವಚನಗಳಲ್ಲಿ ಬಲಗೈಯನ್ನು ಪೂರ್ತಿ ಎತ್ತಿಬಿಡುತ್ತೇನೆ, ಶ್ರುತಿ ಮಾತ್ರ ನಡೆದಿರುತ್ತದೆ.

ರಾಯಚೂರಿನ ಅಣ್ಣಾವ್ರು ಹೇಳಿದ ಪರೀಕ್ಷೆಯಲ್ಲಿ ಎರಡು ಮನೆಗಳು ತಳ್ಳುವಾಗ ಮಾತ್ರ ಇಳಿದಿರುವುದು ಗೊತ್ತಾಯಿತು. ಅವುಗಳಲ್ಲಿ ಒಂದು ನಮ್ಮ ಕಪ್ಪು ಒಂದರ ಕೋಮಲ ಗಾಂಧಾರವೇ ಆಗಿದೆ. ದೀಪಾವಳಿಯ ರಜೆಯಲ್ಲಿ ವಾದ್ಯವನ್ನು ತೆಗೆದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ ಅಣ್ಣಾ. ಅಲ್ಲಿಯವರೆಗೆ ಆ ಸ್ವರ ಬಂದಾಗಲೆಲ್ಲ ತಿದಿಯನ್ನು ಎಳೆಯುವ ಕಡೆಗೇ ಇಟ್ಟುಕೊಳ್ಳುವಂತೆ ಹಾಳೆಯ ಮೇಲೆ ಗುರುತು ಹಾಕಿಕೊಂಡಿದ್ದೇನೆ.